ಪ್ರೇಮಚಿತ್ರಗಳಿಗೆ ಕೊರಳಾದ ಬೀಳಗಿಯ ಅಮೀರಬಾಯಿ

ಮುಶಿಗೇರಿ: ಸುಗ್ಗಿ ಮುಗಿದು ಹೊಲ ಖಾಲಿಯಾದ ದಿನಗಳಲ್ಲಿ, ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಜಿನ ಡೇರೆ ಎದ್ದಿತೆಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅದೇ ಹಬ್ಬ. ಹೊತ್ತು ಮುಳುಗುತ್ತಲೇ ಡೇರೆಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಹಾಡು ಹೊರಡುತ್ತಿತ್ತು. ಆ ಹಾಡನ್ನು ಕೇಳಿಯೇ ಜನ ಬುತ್ತಿ ಮುಗಿಸಿ, ದನ ಕಟ್ಟಿ, ಕಂಬಳಿ ಹೆಗಲಿಗೇರಿಸಿ ಹೊರಡುತ್ತಿದ್ದರು. ಹಾಡು ನಿಂತಿತೆಂದರೆ ಚಿತ್ರ ಆರಂಭವಾಯಿತೆಂದು ಅರ್ಥ. ಹಳೆಯ ಧಾರವಾಡ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಪ್ರೇಮಕಥೆಯ ಚಿತ್ರವೆಂಬುದು ಮೊದಲು ತಲುಪಿದ್ದು ಕಣ್ಣಿನ ಮೂಲಕವಲ್ಲ, ಕಿವಿಯ ಮೂಲಕ.

1940ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಹಾಗೆ ಕೇಳಿಬರುತ್ತಿದ್ದ ಕೊರಳುಗಳಲ್ಲಿ ಒಂದು ಈ ಭಾಗದ್ದೇ ಆಗಿತ್ತೆಂಬುದು ಇಂದಿನ ತಲೆಮಾರಿನ ಅನೇಕರಿಗೆ ತಿಳಿಯದು. ಆ ಕೊರಳು ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರದು. ಹಿಂದಿ ಚಿತ್ರರಂಗದ ಎರಡು ಮಹಾ ಜನಪ್ರಿಯ ಪ್ರೇಮಚಿತ್ರಗಳಾದ 'ಕಿಸ್ಮತ್' ಮತ್ತು 'ರತನ್' ಚಿತ್ರಗಳ ಗೀತೆಗಳಲ್ಲಿ ಈ ಕೊರಳು ಬೆರೆತಿದೆ. ತೆರೆಯ ಮೇಲಿನ ನಾಯಕಿಯರ ಪ್ರೀತಿ, ವಿರಹ, ಕಾತರಗಳಿಗೆ ದನಿಯಾದ ಈ ಕಲಾವಿದೆಯ ಸ್ವಂತ ಬದುಕಿನಲ್ಲಿ ಮಾತ್ರ ಪ್ರೀತಿ ಸುಲಭವಾಗಿ ಒಲಿಯಲಿಲ್ಲ.

ನಾಟಕದ ನೆಲ

ಅಮೀರಬಾಯಿ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀಳಗಿಯಲ್ಲಿ ಜನಿಸಿದರು. ಅಂದು ಬಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿ, 1997ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಬಾಗಲಕೋಟೆಗೆ ಸೇರಿತು. ಅದೇ ವರ್ಷ ಧಾರವಾಡದಿಂದ ಗದಗ ಜಿಲ್ಲೆಯೂ ಬೇರೆಯಾಯಿತು. ಇಂದು ಎರಡು ಜಿಲ್ಲೆಗಳ ಹೆಸರಿನಲ್ಲಿ ಹಂಚಿಹೋಗಿರುವ ರೋಣ, ಗಜೇಂದ್ರಗಡ, ಬಾದಾಮಿ, ಬೀಳಗಿ ಸೀಮೆಗಳು ಅಂದು ಮುಂಬಯಿ ಪ್ರಾಂತ್ಯದ ದಕ್ಷಿಣದ ತುದಿಯಾಗಿದ್ದವು. ಆಡಳಿತದ ರಾಜಧಾನಿ ಮುಂಬಯಿ, ವ್ಯಾಪಾರದ ದಾರಿ ಮುಂಬಯಿ, ಕಲಾವಿದರ ಕನಸಿನ ಊರೂ ಮುಂಬಯಿಯೇ.

ಈ ನೆಲಕ್ಕೆ ನಾಟಕದ ಗೀಳು ಹಳೆಯದು. ಗದಗಿನ ಗರುಡ ಸದಾಶಿವರಾಯರ ಕಂಪನಿಯಂತಹ ವೃತ್ತಿ ನಾಟಕ ಮಂಡಳಿಗಳು ಊರೂರು ತಿರುಗುತ್ತಿದ್ದ ಕಾಲವದು. ಮರಾಠಿ ನಾಟಕ ಕಂಪನಿಗಳೂ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಗೆ ಬಂದು ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದವು. ಅಮೀರಬಾಯಿ ಅವರ ಮನೆತನವೂ ಹಾಡು, ವಾದ್ಯ ಮತ್ತು ರಂಗಭೂಮಿಯ ನಂಟಿನಲ್ಲಿಯೇ ಬೆಳೆದದ್ದು. ಅಹಲ್ಯಾಬಾಯಿ, ಗೋಹರಬಾಯಿ ಮೊದಲಾದ ಸಹೋದರಿಯರೂ ಹಾಡುಗಾರಿಕೆ ಬಲ್ಲವರಾಗಿದ್ದರು. ಮನೆಯ ಮಾತು ಉರ್ದುವಿನ ದಖನಿ ಬಗೆ, ಬೀದಿಯ ಮಾತು ಕನ್ನಡ, ರಂಗದ ಮಾತು ಮರಾಠಿ. ಹೀಗೆ ಮೂರು ಭಾಷೆಗಳ ಉಚ್ಚಾರ ನಾಲಗೆಗೆ ಬಾಲ್ಯದಲ್ಲಿಯೇ ಒಗ್ಗಿದ್ದು ಮುಂದೆ ಚಿತ್ರರಂಗದಲ್ಲಿ ಅವರಿಗೆ ದೊಡ್ಡ ಆಸ್ತಿಯಾಯಿತು.

ಹಾಡುವ ಹೆಣ್ಣುಮಕ್ಕಳನ್ನು ಅಂದಿನ ಸಮಾಜ ಕಂಡ ರೀತಿ ಇಬ್ಬಗೆಯದು. ರಾತ್ರಿಯಿಡೀ ಕುಳಿತು ಅವರ ಹಾಡಿಗೆ ತಲೆದೂಗುವವರು ಹಗಲಿನಲ್ಲಿ ಅವರನ್ನು ಮನೆಯ ಹೊಸ್ತಿಲೊಳಗೆ ಸೇರಿಸುತ್ತಿರಲಿಲ್ಲ. ಈ ಇಬ್ಬಗೆಯ ನೋಟ ಅಮೀರಬಾಯಿ ಸಹೋದರಿಯರನ್ನು ಕೊನೆಯವರೆಗೂ ಹಿಂಬಾಲಿಸಿತು. ಅವರ ಬದುಕನ್ನು ಅರಿಯಲು ಈ ಸಂಗತಿಯನ್ನು ಮರೆಯಬಾರದು.

ಮುಂಬಯಿಯ ದಾರಿ

1931ರಲ್ಲಿ 'ಆಲಂ ಆರಾ' ತೆರೆಕಂಡು ಭಾರತೀಯ ಚಿತ್ರಕ್ಕೆ ಮಾತು ಬಂದಿತು. ಮಾತಿನೊಂದಿಗೆ ಹಾಡೂ ಬಂದಿತು. ಹಾಡಬಲ್ಲ ನಟಿಯರಿಗೆ ಒಮ್ಮೆಲೇ ಬೇಡಿಕೆ ಹುಟ್ಟಿತು. ಮೂಕಿ ಚಿತ್ರಗಳಲ್ಲಿ ಮುಖದಿಂದ ಗೆದ್ದಿದ್ದ ಹಲವರು ಮಾತು ಮತ್ತು ಹಾಡಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ನಾಟಕ ಮನೆತನಗಳ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಸಹೋದರಿ ಗೋಹರಬಾಯಿ ಅವರಂತೆ ಅಮೀರಬಾಯಿ ಅವರೂ ಮುಂಬಯಿ ಸೇರಿದರು. ಗ್ರಾಮಫೋನ್ ಕಂಪನಿಗಾಗಿ ಹಾಡಿದ ಕವಾಲಿ ಅವರಿಗೆ ಮೊದಲ ಹೆಸರು ತಂದಿತು. 1934ರ 'ವಿಷ್ಣು ಭಕ್ತಿ' ಚಿತ್ರದ ಮೂಲಕ ತೆರೆಗೆ ಬಂದರು.

ಅದೇ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬಿಡುಗಡೆಯಾಯಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಕನ್ನಡ ಚಿತ್ರಗಳು ಆ ದಿನಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ತಯಾರಾಗುತ್ತಿದ್ದವು. ಅವುಗಳಲ್ಲಿಯೂ ಪುರಾಣದ ಕಥೆಗಳೇ ಹೆಚ್ಚು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಪ್ರೇಕ್ಷಕರಿಗೆ ಸಾಮಾಜಿಕ ಪ್ರೇಮಕಥೆ ನೋಡಬೇಕೆಂದರೆ ಹಿಂದಿ ಚಿತ್ರವೇ ಗತಿಯಾಗಿತ್ತು. ಮಾತು ಪೂರ್ಣವಾಗಿ ತಿಳಿಯದಿದ್ದರೂ ಹಾಡು ಕಥೆಯ ಅರ್ಥವನ್ನು ಹೊತ್ತು ತರುತ್ತಿತ್ತು. ಈ ಭಾಗದ ಹಿರಿಯರ ನಾಲಗೆಯ ಮೇಲೆ ಹಳೆಯ ಹಿಂದಿ ಗೀತೆಗಳು ಇಂದಿಗೂ ನಲಿಯುವುದಕ್ಕೆ ಇದೇ ಕಾರಣ.

ಮೊದಲ ವರ್ಷಗಳಲ್ಲಿ ಅಮೀರಬಾಯಿ ನಟಿಸಿ ಹಾಡುವ ಕಲಾವಿದೆಯಾಗಿದ್ದರು. ವಿಜಯ ಭಟ್ಟರ 'ನರಸೀ ಭಗತ್' (1940) ಚಿತ್ರದಲ್ಲಿ ವಿಷ್ಣುಪಂತ ಪಾಗ್ನೀಸರೊಂದಿಗೆ ಅವರ ಭಕ್ತಿಗೀತೆಗಳು ಜನಮನ ಗೆದ್ದವು. ಆದರೆ ಅಷ್ಟರಲ್ಲಿ ಚಿತ್ರರಂಗದ ಪದ್ಧತಿಯೇ ಬದಲಾಗತೊಡಗಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯ 'ಧೂಪ್ ಛಾಂವ್' ಚಿತ್ರದೊಂದಿಗೆ ಹಿನ್ನೆಲೆ ಗಾಯನ ಆರಂಭವಾಯಿತು. ಮುಖ ಒಬ್ಬರದು, ಕೊರಳು ಇನ್ನೊಬ್ಬರದು. ಹಾಡಲು ಬಾರದ ಸುಂದರಿ ನಾಯಕಿಯಾಗಬಹುದಿತ್ತು. ನಾಯಕಿಯ ರೂಪಿಲ್ಲದ ಗಾಯಕಿ ನಾಯಕಿಯ ಹೃದಯವಾಗಬಹುದಿತ್ತು. ಈ ಬದಲಾವಣೆಯೇ ಅಮೀರಬಾಯಿ ಅವರನ್ನು ತೆರೆಯ ಮುಂದಿನಿಂದ ತೆರೆಯ ಹಿಂದಕ್ಕೆ, ಹಾಗೆಯೇ ಖ್ಯಾತಿಯ ಶಿಖರಕ್ಕೆ ಕೊಂಡೊಯ್ದಿತು.

'ಕಿಸ್ಮತ್' ತಂದ ಕೀರ್ತಿ

1943ರಲ್ಲಿ ಬಾಂಬೆ ಟಾಕೀಜ್ ಸಂಸ್ಥೆ ತಯಾರಿಸಿದ 'ಕಿಸ್ಮತ್' ಬಿಡುಗಡೆಯಾಯಿತು. ಜ್ಞಾನ್ ಮುಖರ್ಜಿ ನಿರ್ದೇಶನ, ಅಶೋಕ್ ಕುಮಾರ್ ಮತ್ತು ಮುಮ್ತಾಜ್ ಶಾಂತಿ ಅಭಿನಯ, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಅವರ ಗೀತೆಗಳು. ನಾಯಕ ಒಬ್ಬ ಕಿಸೆಗಳ್ಳ. ನಾಯಕಿ ಒಂದು ಕಾಲದಲ್ಲಿ ರಂಗದ ಮೇಲೆ ಮೆರೆದು, ಈಗ ಕಾಲು ಕಳೆದುಕೊಂಡು ಕುಂಟುತ್ತಿರುವ ಗಾಯಕಿ. ಅವಳ ಕಾಲಿನ ಚಿಕಿತ್ಸೆಗೆಂದು ಆತ ಮತ್ತೆ ಕಳವಿಗಿಳಿಯುತ್ತಾನೆ. ದೇವರಂತಹ ನಾಯಕನಲ್ಲ, ದೋಷವಿಲ್ಲದ ನಾಯಕಿಯಲ್ಲ. ಇಬ್ಬರು ನೊಂದ ಸಾಮಾನ್ಯರ ನಡುವೆ ಹುಟ್ಟಿದ ಪ್ರೀತಿಯೇ ಚಿತ್ರದ ತಿರುಳು.

ಆ ನಾಯಕಿಯ ಹಾಡುಗಳಿಗೆ ಕೊರಳಾದವರು ಅಮೀರಬಾಯಿ. ಊರೆಲ್ಲ ದೀಪಾವಳಿಯ ಬೆಳಕಿನಲ್ಲಿರುವಾಗ ತನ್ನ ಮನೆ ಮಾತ್ರ ಕತ್ತಲಾಗಿರುವುದನ್ನು ನೆನೆದು ನಾಯಕಿ ಹಾಡುವ ಗೀತೆ, ಮೋಡಕ್ಕೆ ಮೆಲ್ಲನೆ ಬರುವಂತೆ ಹೇಳುವ ಜೋಗುಳದಂತಹ ಗೀತೆ ದೇಶದ ಮನೆಮನೆಯನ್ನು ತಲುಪಿದವು. ರಂಗದ ಮೇಲಿನ ದೃಶ್ಯವೊಂದಕ್ಕಾಗಿ ಖಾನ್ ಮಸ್ತಾನಾ ಅವರೊಂದಿಗೆ ಹಾಡಿದ ವೃಂದಗೀತೆಯಂತೂ ಸ್ವಾತಂತ್ರ್ಯ ಹೋರಾಟದ ಗೀತೆಯೇ ಆಗಿಬಿಟ್ಟಿತು. ಮೇಲುನೋಟಕ್ಕೆ ಅದು ಜರ್ಮನಿ ಮತ್ತು ಜಪಾನ್ ವಿರುದ್ಧದ ಯುದ್ಧಗೀತೆಯಂತಿದ್ದುದರಿಂದ ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿತು. ಹಿಂದಿನ ವರ್ಷವಷ್ಟೇ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬೆಂದಿದ್ದ ಪ್ರೇಕ್ಷಕರಿಗೆ ಆ ಸಾಲುಗಳ ಗುರಿ ಯಾರೆಂಬುದು ತಿಳಿಯದಿರಲಿಲ್ಲ. ಚಿತ್ರಮಂದಿರಗಳಲ್ಲಿ ಆ ಹಾಡನ್ನು ಮತ್ತೆ ಮತ್ತೆ ತೋರಿಸುವಂತೆ ಜನ ಪಟ್ಟು ಹಿಡಿದರು. ಬಂಧನದ ಭೀತಿಯಿಂದ ಕವಿ ಪ್ರದೀಪ್ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು.

ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ 'ಕಿಸ್ಮತ್' ಸತತ 187 ವಾರಗಳ ಪ್ರದರ್ಶನ ಕಂಡಿತು. ಮೂರೂವರೆ ವರ್ಷಗಳಿಗೂ ಮಿಗಿಲಾದ ಈ ದಾಖಲೆಯನ್ನು ಮುರಿಯಲು 1975ರ 'ಶೋಲೆ' ಬರಬೇಕಾಯಿತು. ಅದು ಯುದ್ಧದ ಕಾಲ, ಬಂಗಾಳಕ್ಕೆ ಬರಗಾಲದ ಕಾಲ. ಬೀದಿಯಲ್ಲಿ ಹಸಿವು, ಆಕಾಶದಲ್ಲಿ ಬಾಂಬಿನ ಭಯ. ಅಂತಹ ದಿನಗಳಲ್ಲಿ ಜನ ಒಂದು ಪ್ರೇಮಕಥೆಗಾಗಿ ಸರದಿಯಲ್ಲಿ ನಿಂತದ್ದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ನಾಳೆಯ ಭರವಸೆಯಿಲ್ಲದವರಿಗೆ, ಕಳೆದುಹೋದವರು ಮರಳಿ ಸಿಗುವ, ಮುರಿದದ್ದು ಮತ್ತೆ ಕೂಡುವ ಕಥೆಗಿಂತ ದೊಡ್ಡ ಸಾಂತ್ವನ ಬೇರೆ ಯಾವುದಿದ್ದೀತು? ಪ್ರೇಮಚಿತ್ರದ ಆಕರ್ಷಣೆಯ ಒಂದು ಗುಟ್ಟು ಇಲ್ಲಿದೆ.

'ರತನ್' ಮತ್ತು ಹಳ್ಳಿಯ ಕಣ್ಣೀರು

ಮರುವರ್ಷ, 1944ರಲ್ಲಿ, ಎಂ. ಸಾದಿಕ್ ನಿರ್ದೇಶನದ 'ರತನ್' ಬಂದಿತು. ಸ್ವರ್ಣಲತಾ ಮತ್ತು ಕರಣ್ ದಿವಾನ್ ಅಭಿನಯ, ನೌಷಾದ್ ಸಂಗೀತ, ಡಿ. ಎನ್. ಮಧೋಕ್ ಗೀತೆಗಳು. 'ಕಿಸ್ಮತ್' ನಗರದ ಕಥೆಯಾದರೆ 'ರತನ್' ಹಳ್ಳಿಯ ಕಥೆ. ಬಾಲ್ಯದಿಂದ ಒಬ್ಬರನ್ನೊಬ್ಬರು ಬಯಸಿದ ಹುಡುಗ ಹುಡುಗಿಯರ ನಡುವೆ ಜಾತಿ ಅಡ್ಡ ನಿಲ್ಲುತ್ತದೆ. ಹುಡುಗಿಯನ್ನು ವಯಸ್ಸಾದ ವರನಿಗೆ ಕೊಟ್ಟು ಮದುವೆ ಮಾಡಲಾಗುತ್ತದೆ. ಕಥೆ ಸಾವಿನಲ್ಲಿ ಮುಗಿಯುತ್ತದೆ.

ಈ ಚಿತ್ರದಲ್ಲಿ ಜೋಹರಾಬಾಯಿ ಅಂಬಾಲೇವಾಲಿ ಅವರೊಂದಿಗೆ ಅಮೀರಬಾಯಿ ಅವರ ಕೊರಳೂ ಇದೆ. ಕಣ್ಣು ಕಲೆತ ಸಂತೋಷದ ಹಾಡು ಜೋಹರಾಬಾಯಿ ಅವರದಾದರೆ, ಕಲೆತ ಕಣ್ಣುಗಳು ಅಗಲಿದ ನೋವಿನ ಹಾಡು ಅಮೀರಬಾಯಿ ಅವರ ಪಾಲಿಗೆ ಬಂದಿತು. ತುಂಬುಗೊರಳಿನಲ್ಲಿ, ಆದರೆ ಎಲ್ಲಿಯೂ ಅಬ್ಬರವಿಲ್ಲದೆ, ಬಿಕ್ಕನ್ನು ನುಂಗಿಕೊಂಡಂತೆ ಹಾಡುವ ಅವರ ರೀತಿ ಇಲ್ಲಿ ಪೂರ್ಣವಾಗಿ ಕಾಣುತ್ತದೆ.

ಹಳ್ಳಿಗಳಲ್ಲಿ ಈ ಚಿತ್ರ ಮುಟ್ಟಿದ ಎಳೆ ಆಳವಾದುದು. ಅಂದಿನ ಹೆಣ್ಣುಮಕ್ಕಳ ಪಾಲಿಗೆ ಮದುವೆ ಎಂಬುದು ಹಿರಿಯರು ಕೂಡಿ ಮಾಡುವ ತೀರ್ಮಾನ. ವರನ ಮುಖವನ್ನು ಅಂತರಪಟ ಸರಿದಾಗ ಮೊದಲು ಕಂಡವರೇ ಹೆಚ್ಚು. ಅಂಥವರ ಮನಸ್ಸಿನಲ್ಲಿ ಹೇಳದೆ ಉಳಿದ ಮಾತನ್ನು ತೆರೆಯ ಮೇಲಿನ ಹೆಣ್ಣೊಬ್ಬಳು ಎಲ್ಲರೆದುರು ಹಾಡಿ ಹೇಳುತ್ತಿದ್ದಳು. ಕಥೆಯ ಕೊನೆಯಲ್ಲಿ ಪ್ರೇಮಿಗಳು ಸತ್ತರೂ ಸರಿ, ಅವರ ಬಯಕೆ ತಪ್ಪಲ್ಲವೆಂದು ಸಾವಿರಾರು ಜನ ಒಟ್ಟಿಗೆ ಕುಳಿತು ಕಣ್ಣೀರು ಹಾಕಿ ಒಪ್ಪಿಕೊಳ್ಳುತ್ತಿದ್ದರು. ಕತ್ತಲಲ್ಲಿ ಅಳಬಹುದು, ಪಕ್ಕದವರಿಗೆ ಕಾರಣ ಹೇಳಬೇಕಾಗಿಲ್ಲ. ಬೆಳಗಾದರೆ ಅದೇ ಜನ ತಮ್ಮ ಮಕ್ಕಳ ಮದುವೆಯನ್ನು ಜಾತಿ, ಹೊಲ, ಹಣ ನೋಡಿಯೇ ಗೊತ್ತು ಮಾಡುತ್ತಿದ್ದರೆಂಬುದೂ ಅಷ್ಟೇ ನಿಜ. ಪ್ರೇಮಚಿತ್ರ ಜನರ ಬಯಕೆಯ ಕನ್ನಡಿಯಾಗಿತ್ತೇ ಹೊರತು ನಡೆಯ ಕನ್ನಡಿಯಾಗಿರಲಿಲ್ಲ.

ಈ ಇಬ್ಬಗೆಗೆ ಸಂಗೀತ ನಿರ್ದೇಶಕ ನೌಷಾದ್ ಅವರ ಮದುವೆಯ ಪ್ರಸಂಗ ಒಳ್ಳೆಯ ಸಾಕ್ಷಿ. ಚಿತ್ರಗಳಿಗೆ ಸಂಗೀತ ನೀಡುವವನೆಂದರೆ ಹೆಣ್ಣು ಕೊಡುವವರು ಹಿಂದೆಗೆದಾರೆಂದು ಹೆದರಿದ ಅವರ ಮನೆಯವರು, ವರ ದರ್ಜಿಯೆಂದು ಹೇಳಿದ್ದರು. ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ನುಡಿಸಿದ್ದು ಮಾತ್ರ 'ರತನ್' ಚಿತ್ರದ ಹಾಡುಗಳನ್ನು. ಹಾಡು ಎಲ್ಲರಿಗೂ ಬೇಕು, ಹಾಡು ಕಟ್ಟಿದವನು ಬೇಡ. ಹೆಸರಾಂತ ಗಂಡಸಿನ ಪಾಡು ಹೀಗಿದ್ದ ಮೇಲೆ ಬೀಳಗಿಯಂತಹ ಊರಿನಿಂದ ಬಂದ ಗಾಯಕಿಯ ಪಾಡನ್ನು ಊಹಿಸಿಕೊಳ್ಳಬಹುದು.

ಒಂದೇ ಮೈಕು, ಮೂರು ನಿಮಿಷ

ಅಂದಿನ ಧ್ವನಿಮುದ್ರಣದ ಬಗೆಯನ್ನು ತಿಳಿದರೆ ಅಮೀರಬಾಯಿ ಅವರ ಸಾಧನೆಯ ತೂಕ ಅರಿವಾಗುತ್ತದೆ. ಟೇಪಿನ ಮೇಲೆ ತುಂಡು ತುಂಡಾಗಿ ಹಾಡಿ ಜೋಡಿಸುವ ಸೌಲಭ್ಯ ಆಗ ಇರಲಿಲ್ಲ. ಗಾಯಕಿ ಮತ್ತು ವಾದ್ಯವೃಂದ ಒಟ್ಟಿಗೆ ನಿಂತು ಆರಂಭದಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಮುಗಿಸಬೇಕು. ಒಬ್ಬ ವಾದಕ ತಪ್ಪಿದರೂ ಮತ್ತೆ ಮೊದಲಿನಿಂದ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಒಂದು ರಾಗದ ಸಾರವನ್ನೂ ಒಂದು ಹೆಣ್ಣಿನ ಮನಸ್ಸನ್ನೂ ಅಷ್ಟರೊಳಗೆ ತುಂಬಬೇಕಾಗಿತ್ತು.

ರಂಗದ ಗಾಯಕಿಯರಿಗೆ ಇದು ಸುಲಭವಾಗಿರಲಿಲ್ಲ. ಧ್ವನಿವರ್ಧಕವಿಲ್ಲದ ನಾಟಕದ ಡೇರೆಯಲ್ಲಿ ಕೊನೆಯ ಸಾಲಿಗೆ ಕೇಳಿಸುವಂತೆ ಎತ್ತರದ ಸ್ವರದಲ್ಲಿ ಹಾಡಿ ರೂಢಿಯಾದವರು ಅವರು. ಮೈಕಿನ ಮುಂದೆ ಅದೇ ರೀತಿ ಹಾಡಿದರೆ ಭಾವ ಒಡೆದುಹೋಗುತ್ತದೆ. ಕಿವಿಯ ಬಳಿ ಬಂದು ಹೇಳಿದಂತೆ ಹಾಡುವುದನ್ನು ಹೊಸದಾಗಿ ಕಲಿಯಬೇಕಾಗಿತ್ತು. ರಂಗದ ತುಂಬುದನಿಯನ್ನು ಬಿಡದೆ ಮೈಕಿನ ಆಪ್ತತೆಯನ್ನೂ ಒಲಿಸಿಕೊಂಡ ಕೆಲವೇ ಗಾಯಕಿಯರಲ್ಲಿ ಅಮೀರಬಾಯಿ ಒಬ್ಬರು. ಅನಿಲ್ ಬಿಸ್ವಾಸ್, ನೌಷಾದ್, ಖೇಮಚಂದ ಪ್ರಕಾಶ್, ಸಿ. ರಾಮಚಂದ್ರ ಮೊದಲಾದವರ ಸ್ವರ ಸಂಯೋಜನೆಗಳಿಗೆ ಅವರು ಹಾಡಿದರು. ಗುಜರಾತಿ ಚಿತ್ರ 'ರಾಣಕದೇವಿ' (1946)ಯ ಅವರ ಹಾಡು ಗುಜರಾತಿನ ಮನೆಮಾತಾಯಿತು. ಅಭಿಮಾನಿಗಳು ಅವರನ್ನು ಕನ್ನಡ ಕೋಗಿಲೆಯೆಂದು ಕರೆದರು.

ಹೆಸರಿನ ಕೊನೆಯ ಕರ್ನಾಟಕಿ ಎಂಬ ಪದವೂ ಗಮನಾರ್ಹ. ಕನ್ನಡ ನಾಡುಗಳು ಒಂದಾದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ದಶಕಗಳ ಮೊದಲೇ, ನಕಾಶೆಯಲ್ಲಿ ಇಲ್ಲದ ನಾಡಿನ ಹೆಸರನ್ನು ಬೀಳಗಿಯ ಈ ಹೆಣ್ಣುಮಗಳು ಗ್ರಾಮಫೋನ್ ತಟ್ಟೆಗಳ ಮೇಲೆ ದೇಶಕ್ಕೆಲ್ಲ ಪರಿಚಯಿಸಿದರು.

ತೆರೆಯ ಪ್ರೀತಿ, ಮನೆಯ ಹಿಂಸೆ

ಖ್ಯಾತಿಯ ಈ ವರ್ಷಗಳಲ್ಲಿಯೇ ಅವರ ವೈಯಕ್ತಿಕ ಬದುಕು ಕತ್ತಲೆಯಲ್ಲಿತ್ತು. ಖಳಪಾತ್ರಗಳಿಂದ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರನ್ನು ಅಮೀರಬಾಯಿ ಮದುವೆಯಾಗಿದ್ದರು. ದಾಂಪತ್ಯ ಸುಖ ತರಲಿಲ್ಲ. ಪತ್ನಿಯ ದುಡಿಮೆಯ ಹಣ ಪತಿಯ ಕೈ ಸೇರುತ್ತಿತ್ತು. ಜೊತೆಗೆ ಹೊಡೆತ ಬಡಿತ. ಸ್ಟುಡಿಯೋದಲ್ಲಿ ನಿಂತು ಪ್ರಿಯನಿಗಾಗಿ ಕಾತರಿಸುವ ನಾಯಕಿಯ ಹಾಡನ್ನು ಹಾಡಿ ಮನೆಗೆ ಮರಳಿದರೆ ಎದುರಾಗುತ್ತಿದ್ದುದು ಬೇರೆಯೇ ಲೋಕ. ದೇಶಕ್ಕೆಲ್ಲ ಕೇಳಿದ ಆ ಕೊರಳಿನ ಸ್ವಂತ ಮೊರೆ ಬಹುಕಾಲ ಯಾರಿಗೂ ಕೇಳಿಸಲಿಲ್ಲ.

ಕೊನೆಗೆ ಅಮೀರಬಾಯಿ ಆ ಬಂಧನದಿಂದ ಹೊರಬಂದರು. ಗಂಡನನ್ನು ಬಿಟ್ಟು ಬರುವುದು ಹೆಣ್ಣಿಗೆ ಕಳಂಕವೆನ್ನುವ ಕಾಲದಲ್ಲಿ, ಅದರಲ್ಲಿಯೂ ಮೊದಲೇ ಸಮಾಜದ ಕೊಂಕುನೋಟಕ್ಕೆ ಗುರಿಯಾದ ವೃತ್ತಿಯಲ್ಲಿದ್ದವರಿಗೆ, ಇದು ಸಣ್ಣ ನಿರ್ಧಾರವಾಗಿರಲಿಲ್ಲ. ದೇಶ ವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಚಿತ್ರಗಳಲ್ಲಿ ನಟಿಸಿದರು. ಅಮೀರಬಾಯಿ ಮುಂಬಯಿಯಲ್ಲಿಯೇ ಉಳಿದರು. ಮುಂದೆ ಪತ್ರಿಕಾ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. ಈ ಎರಡನೆಯ ದಾಂಪತ್ಯದಲ್ಲಿ ಅವರಿಗೆ ನೆಮ್ಮದಿ ದೊರೆಯಿತು.

ಸಹೋದರಿಯ ಕಥೆ

ಗೋಹರಬಾಯಿ ಅವರ ಬದುಕು ಇನ್ನೊಂದು ಬಗೆಯ ಪ್ರೇಮಕಥೆ. ಸ್ತ್ರೀಪಾತ್ರಗಳಿಂದ ಮರಾಠಿ ರಂಗಭೂಮಿಯನ್ನು ಆಳಿದ ಬಾಲಗಂಧರ್ವರ ಹಾಡಿಗೆ ಮನಸೋತ ಅವರು, 1930ರ ದಶಕದ ಕೊನೆಯಲ್ಲಿ ಗಂಧರ್ವ ನಾಟಕ ಮಂಡಳಿ ಸೇರಿದರು. ಬಾಲಗಂಧರ್ವರ ಶೈಲಿಯಲ್ಲಿಯೇ ಹಾಡಿ, ಅವರು ಮಾಡುತ್ತಿದ್ದ ನಾಯಕಿಯ ಪಾತ್ರಗಳನ್ನು ತಾವು ವಹಿಸಿಕೊಂಡರು. 1951ರಲ್ಲಿ ಇಬ್ಬರೂ ಮದುವೆಯಾದರು.

ಗಂಡಸೊಬ್ಬ ಸೀರೆಯುಟ್ಟು ಪ್ರಣಯದ ನಾಯಕಿಯಾಗುವುದನ್ನು ದಶಕಗಳ ಕಾಲ ಮೆಚ್ಚಿ ನೋಡಿದ ಪ್ರೇಕ್ಷಕವರ್ಗಕ್ಕೆ, ಆ ಸ್ಥಾನಕ್ಕೆ ಹೆಣ್ಣೊಬ್ಬಳು ಬಂದಾಗ ಸಹಿಸಲಾಗಲಿಲ್ಲ. ಅದರಲ್ಲಿಯೂ ಆಕೆ ಅನ್ಯಧರ್ಮದವಳು, ಅನ್ಯಭಾಷೆಯ ಸೀಮೆಯವಳು. ಬಾಲಗಂಧರ್ವರ ವೃದ್ಧಾಪ್ಯದ ಕಷ್ಟಗಳಿಗೆಲ್ಲ ಗೋಹರಬಾಯಿ ಅವರನ್ನೇ ಹೊಣೆಯಾಗಿಸಿದವರು ಕಡಿಮೆಯಿಲ್ಲ. ಕಾಯಿಲೆ ಮತ್ತು ಬಡತನದ ದಿನಗಳಲ್ಲಿ ಅವರ ಜೊತೆಗಿದ್ದವರೂ ಇದೇ ಗೋಹರಬಾಯಿ. ಅವರು 1964ರಲ್ಲಿ ತೀರಿಕೊಂಡರು, ಬಾಲಗಂಧರ್ವರು 1967ರಲ್ಲಿ. ಕಥೆಯಲ್ಲಿ ಜಾತಿ, ಧರ್ಮದ ಗೋಡೆ ದಾಟುವ ಪ್ರೇಮಿಗಳಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕರು, ನಿಜಜೀವನದಲ್ಲಿ ಅಂಥವರು ಎದುರಾದಾಗ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಬೀಳಗಿಯ ಈ ಮನೆತನ ಹತ್ತಿರದಿಂದ ಕಂಡಿತು.

ಕಾಲ ಬದಲಾಯಿತು

1947ರ ಜನವರಿಯಲ್ಲಿ ಕೆ. ಎಲ್. ಸೈಗಲ್ ನಿಧನರಾದರು. ಅದೇ ವರ್ಷ ದೇಶ ವಿಭಜನೆಯಾಗಿ ನೂರ್ ಜಹಾನ್ ಪಾಕಿಸ್ತಾನಕ್ಕೆ ಹೋದರು. ಹಳೆಯ ಕೊರಳುಗಳ ಯುಗ ಮುಗಿಯುತ್ತ ಬಂದಿತ್ತು. 1948ರಲ್ಲಿ ಅಮೀರಬಾಯಿ 'ಶೆಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದರು. ಜದ್ದನ್‌ಬಾಯಿ, ಸರಸ್ವತಿ ದೇವಿ ಅವರಂತಹ ಒಬ್ಬಿಬ್ಬರನ್ನು ಬಿಟ್ಟರೆ ಮಹಿಳೆಯರೇ ಇರದಿದ್ದ ಕ್ಷೇತ್ರಕ್ಕೆ ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬರು ಕಾಲಿಟ್ಟದ್ದು ಮಹತ್ವದ ಸಂಗತಿ.

1949ರಲ್ಲಿ 'ಮಹಲ್', 'ಬರ್ಸಾತ್', 'ಅಂದಾಜ್' ಚಿತ್ರಗಳು ಒಂದರ ಹಿಂದೆ ಒಂದರಂತೆ ಬಂದವು. ಲತಾ ಮಂಗೇಶ್ಕರ್ ಅವರ ಎಳೆಯ, ತೆಳುವಾದ, ಎತ್ತರಕ್ಕೆ ಸಲೀಸಾಗಿ ಏರುವ ದನಿ ನಾಯಕಿಯ ದನಿಯೆಂದರೆ ಹೀಗಿರಬೇಕೆಂಬ ಹೊಸ ರೂಢಿಯನ್ನು ಹುಟ್ಟುಹಾಕಿತು. ಪ್ರೇಮಚಿತ್ರದ ನಾಯಕಿಯೂ ಬದಲಾಗಿದ್ದಳು. ನೋವುಂಡ ಹೆಣ್ಣಿನ ಜಾಗಕ್ಕೆ ಕಾಲೇಜು ಓದುವ, ಟೆನಿಸ್ ಆಡುವ, ಕಾರು ಓಡಿಸುವ ಹುಡುಗಿ ಬಂದಿದ್ದಳು. ತುಂಬುಗೊರಳಿನ ಹಳೆಯ ಗಾಯಕಿಯರಿಗೆ ಅವಕಾಶಗಳು ಕಡಿಮೆಯಾದವು. ಅಮೀರಬಾಯಿ, ಜೋಹರಾಬಾಯಿ, ರಾಜಕುಮಾರಿ ಅವರಂಥವರೆಲ್ಲ ಕೆಲವೇ ವರ್ಷಗಳಲ್ಲಿ ಹಿನ್ನೆಲೆಗೆ ಸರಿದರು.

ಅಮೀರಬಾಯಿ ಕಾಲವನ್ನು ದೂರುತ್ತ ಕೂರಲಿಲ್ಲ. ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳನ್ನು ಒಪ್ಪಿಕೊಂಡರು. ಒಂದು ಕಾಲದಲ್ಲಿ ನಾಯಕಿಯರಿಗೆ ಕೊರಳಾದವರು, ಈಗ ಬೇರೊಬ್ಬರ ಕೊರಳಿನಲ್ಲಿ ಹಾಡುವ ನಾಯಕಿಯರ ಪಕ್ಕದಲ್ಲಿ ಸಣ್ಣ ಪಾತ್ರಗಳಲ್ಲಿ ನಿಂತರು.

ಬಿಜಾಪುರಕ್ಕೆ ಕೊಟ್ಟ ಚಿತ್ರಮಂದಿರ

ಮುಂಬಯಿಯಲ್ಲಿ ಗಳಿಸಿದ್ದನ್ನು ಮುಂಬಯಿಯಲ್ಲಿಯೇ ಕಳೆದವರು ಆ ಕಾಲದ ಚಿತ್ರರಂಗದಲ್ಲಿ ಬಹಳ. ಅಮೀರಬಾಯಿ ಊರನ್ನು ಮರೆಯಲಿಲ್ಲ. ಇಂದು ವಿಜಯಪುರವೆನಿಸಿರುವ ಬಿಜಾಪುರದಲ್ಲಿ ಅವರ ಹೆಸರಿನಲ್ಲಿಯೇ ಅಮೀರ್ ಟಾಕೀಜ್ ತಲೆಯೆತ್ತಿತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೆಸರಾದ ಊರಿನಲ್ಲಿ ಗಾಯಕಿಯೊಬ್ಬರ ಹೆಸರಿನ ಚಿತ್ರಮಂದಿರ ನಿಂತದ್ದು ಔಚಿತ್ಯಪೂರ್ಣವಾಗಿತ್ತು.

ಹೆಣ್ಣೊಬ್ಬಳ ದುಡಿಮೆಯಿಂದ ಎದ್ದ ಚಿತ್ರಮಂದಿರವೆಂಬುದು ಆ ದಿನಗಳಲ್ಲಿ ಅಪರೂಪದ ಮಾತು. ಹಾಡುವವಳನ್ನು ಕೀಳಾಗಿ ಕಂಡ ಸಮಾಜದ ನಡುವೆಯೇ, ಅದೇ ಸಮಾಜ ಟಿಕೆಟು ಕೊಂಡು ಬಂದು ಕೂರುವ ಮನೆಯನ್ನು ಅವರು ಕಟ್ಟಿದರು. ತನ್ನ ದುಡಿಮೆಯ ಹಣವನ್ನು ಕಿತ್ತುಕೊಂಡ ದಾಂಪತ್ಯವನ್ನು ಕಂಡ ಹೆಣ್ಣಿಗೆ, ತನ್ನ ಹೆಸರು ಹೊತ್ತ ಕಟ್ಟಡ ಬರಿಯ ವ್ಯಾಪಾರವಾಗಿರಲಾರದು.

ಅಷ್ಟರಲ್ಲಿ ಹಾಡು ಮನೆಯೊಳಗೂ ಬಂದಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು. 1952ರ ಸುಮಾರಿಗೆ ಕೇಂದ್ರ ಸಚಿವ ಬಿ. ವಿ. ಕೇಸ್ಕರ್ ಅವರ ನೀತಿಯಿಂದ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಮರೆಯಾದಾಗ ಜನ ರೇಡಿಯೋ ಸಿಲೋನಿನ ಕಡೆಗೆ ಕಿವಿ ತಿರುಗಿಸಿದರು. ಸರ್ಕಾರ ಬೇಡವೆಂದರೂ ಪ್ರೇಮಗೀತೆಯ ಹಂಬಲವನ್ನು ತಡೆಯಲಾಗಲಿಲ್ಲ. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದೇ ಈ ಹಂಬಲಕ್ಕೆ ಸರ್ಕಾರ ಮಣಿದುದರ ಗುರುತು.

ಪಾರ್ಶ್ವವಾಯುವಿಗೆ ತುತ್ತಾದ ಅಮೀರಬಾಯಿ ಅವರು 1965ರ ಮಾರ್ಚ್ 3ರಂದು ಕೊನೆಯುಸಿರೆಳೆದರು. ಬಿಜಾಪುರದ ಮಣ್ಣಿನಲ್ಲಿಯೇ ಅವರ ಅಂತ್ಯಸಂಸ್ಕಾರ ನಡೆಯಿತು. ಬಹುಕಾಲ ಕನ್ನಡದಲ್ಲಿ ಅವರ ಬದುಕಿನ ಪೂರ್ಣ ದಾಖಲೆ ಇರಲಿಲ್ಲ. ವಿಮರ್ಶಕ ರಹಮತ್ ತರೀಕೆರೆ ಅವರು ಅಮೀರಬಾಯಿ ಅವರ ಕುರಿತು ಪುಸ್ತಕ ರಚಿಸಿ ಆ ಕೊರತೆಯನ್ನು ನೀಗಿಸಿದರು.

ತಿರುಗಿದ ಚಕ್ರ

2006ರ ಡಿಸೆಂಬರಿನಲ್ಲಿ ಯೋಗರಾಜ ಭಟ್ ನಿರ್ದೇಶನದ 'ಮುಂಗಾರು ಮಳೆ' ಬಿಡುಗಡೆಯಾಗಿ, ಒಂದು ವರ್ಷಕ್ಕೂ ಮಿಗಿಲಾಗಿ ಪ್ರದರ್ಶನ ಕಂಡಿತು. ಪ್ರೇಮಿಗಳು ಒಂದಾಗದ ಆ ಕಥೆಗೆ ಉತ್ತರ ಕರ್ನಾಟಕದ ಊರುಗಳಲ್ಲಿಯೂ ಯುವಜನ ಮುಗಿಬಿದ್ದರು. ಮನೋಮೂರ್ತಿ ಸಂಗೀತ ಮತ್ತು ಜಯಂತ ಕಾಯ್ಕಿಣಿ ಸಾಹಿತ್ಯದ ಅದರ ಪ್ರಣಯಗೀತೆಗೆ ದನಿಯಾದವರು ಹಿಂದಿ ಚಿತ್ರರಂಗದ ಸೋನು ನಿಗಮ್. ಅರವತ್ತಮೂರು ವರ್ಷಗಳ ಹಿಂದೆ ಬೀಳಗಿಯ ಕೊರಳು ಹಿಂದಿಯ ನಾಯಕಿಗೆ ಪ್ರೀತಿಯ ಮಾತು ಕೊಟ್ಟಿತ್ತು. ಈಗ ಹಿಂದಿಯ ಕೊರಳು ಕನ್ನಡದ ನಾಯಕನಿಗೆ ಆ ಮಾತನ್ನು ಮರಳಿಸಿತು. ಪ್ರೀತಿಯನ್ನು ಹಾಡುವವರು ಯಾವ ಊರಿನವರು, ಯಾವ ಧರ್ಮದವರೆಂದು ಪ್ರೇಕ್ಷಕ ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಕತ್ತಲ ಚಿತ್ರಮಂದಿರದಿಂದ ಹೊರಬಂದ ಮೇಲೆ ಮಾತ್ರ ಆ ಪ್ರಶ್ನೆ ಏಳುತ್ತದೆ.

ಟೂರಿಂಗ್ ಟಾಕೀಜಿನ ಡೇರೆಗಳು ಈಗಿಲ್ಲ. ಹಳ್ಳಿಯ ಹುಡುಗರು ಮೊಬೈಲಿನಲ್ಲಿಯೇ ಚಿತ್ರ ನೋಡುತ್ತಾರೆ. ಅದೇ ಮೊಬೈಲಿನಲ್ಲಿ 'ಕಿಸ್ಮತ್' ಚಿತ್ರದ ಹಾಡುಗಳೂ ದೊರೆಯುತ್ತವೆ. ತಟ್ಟೆಯ ಗರಗರ ಸದ್ದಿನ ನಡುವಿನಿಂದ ಏಳುವ ಆ ದನಿಯನ್ನು ಕೇಳುವವರು, ಅದು ಮುಶಿಗೇರಿಯಂತಹ ಊರುಗಳಿಗೆ ನೆರೆಯಾದ ಸೀಮೆಯಿಂದಲೇ ಹೊರಟದ್ದೆಂಬುದನ್ನು ನೆನೆದರೆ, ಅಮೀರಬಾಯಿ ಕರ್ನಾಟಕಿ ಅವರಿಗೆ ಸಲ್ಲಬೇಕಾದ ಗೌರವದಲ್ಲಿ ಒಂದು ಪಾಲಾದರೂ ಸಂದಂತಾಗುತ್ತದೆ.